ಪಿಯಾನೊ ಬಾಯಿಯವರ ಅರ್ಧ ಸೊನಾಟ

ಐವತ್ತರ ದಶಕದಲ್ಲಿ ನಾನು ಅಕ್ಕಲಕೋಟದಲ್ಲಿ ಮಾಸ್ತರನಾಗಿದ್ದೆ. ರಜೆಯಲ್ಲಿ ಗವಾಯಿಗಳಿಗೆ ಪಿಟೀಲಿನ ಸಾಥ್ ಕೊಡುತ್ತಿದ್ದೆ. ಅವರು ಹಾಡಿದ್ದನ್ನು ಅರ್ಧ ಉಸಿರಿನಷ್ಟು ಹಿಂದಿದ್ದು ಅನುಸರಿಸುವುದು ಸಾಥಿಯ ಧರ್ಮ. ಮುಂದೆ ನುಗ್ಗಿದವನಿಗೆ ಮತ್ತೆ ಕರೆ ಬರುತ್ತಿರಲಿಲ್ಲ. ಈ ಧರ್ಮವನ್ನು ನಾನು ಇಪ್ಪತ್ತು ವರ್ಷ ನಿಷ್ಕಳಂಕವಾಗಿ ಪಾಲಿಸಿದ್ದೆ.

ನನಗೆ ಒಂದು ದುರ್ಗುಣವೂ ಇತ್ತು. ಅರಮನೆಯ ಬ್ಯಾಂಡಿನಲ್ಲಿದ್ದ ಗುರುಗಳಿಂದ ವಿಲಾಯತಿ ಸ್ವರಲಿಪಿ ಓದಲು ಕಲಿತಿದ್ದೆ. ಇದು ಹೇಗೋ ಸೊಲ್ಲಾಪುರದ ಶಾಲೆಯೊಂದರ ಸಂಗೀತ ಶಿಕ್ಷಕಿಗೆ ಗೊತ್ತಾಯಿತು. ಎಲ್ಲರೂ ಅವರನ್ನು ಬಾಯಿ ಎನ್ನುತ್ತಿದ್ದರು. ಪಿಟೀಲು, ಪಿಯಾನೊ ಎರಡಕ್ಕೂ ಸೇರಿಸಿ ಬರೆದ, ಸೊನಾಟ ಎಂಬ ಮೂರು ಭಾಗದ ವಿಲಾಯತಿ ಕೃತಿಯೊಂದು ಅವರಲ್ಲಿತ್ತು. ನೂರು ವರ್ಷಕ್ಕೂ ಹಿಂದೆ ಜರ್ಮನ್ ನಾಡಿನ ಯಾವನೋ ಎಳೆಪ್ರಾಯದವನು ಬರೆದದ್ದು. ಜೊತೆಗಾರ ಸಿಗದೆ ಬಾಯಿಯವರು ಇಷ್ಟು ವರ್ಷ ಪಿಯಾನೊದ ಪಾಲನ್ನಷ್ಟೇ ನುಡಿಸಿಕೊಂಡಿದ್ದರು. ಈಗ ನಿವೃತ್ತಿಯಾಗಿ ತಮ್ಮನ ಊರಿಗೆ ಹೊರಟಿದ್ದರು. ಪಿಯಾನೊ ಶಾಲೆಯದು, ಅಲ್ಲೇ ಉಳಿಯುವುದು.

“ಹೋಗೂದರೊಳಗ ಒಮ್ಮೆರೆ ಪೂರಾ ಕೇಳಬೇಕ್ರಿ ಮಾಸ್ತರ,” ಎಂದರು.

ನಾಲ್ಕು ಭಾನುವಾರ ಬಸ್ಸಿನಲ್ಲಿ ಹೋಗಿ ತಾಲೀಮು ಮಾಡಿದೆ. ಕೂತು ನುಡಿಸಿ ರೂಢಿಯಾದವನು ವಿಲಾಯತಿ ರೀತಿಯಲ್ಲಿ ನಿಂತು ನುಡಿಸುವ ಶಿಕ್ಷೆಯನ್ನೂ ಒಪ್ಪಿಕೊಂಡೆ. ಆದರೆ ಬಾಯಿಯವರು ಸ್ವರ ಒತ್ತಿದ ಮೇಲೆಯೇ ನನ್ನ ಕಮಾನು ಏಳುತ್ತಿತ್ತು.

“ಹಿಂದಿಂದ ಯಾಕ ಬರಾಕತ್ತೀರಿ? ಜೋಡೀಲೆ ಬರ್ರಿ.”

“ರೂಢಿರಿ ಬಾಯಿ. ಮರ್ಯಾದಿ.”

“ಸುಡ್ರಿ ನಿಮ್ಮ ಮರ್ಯಾದಿ! ನಾ ಏನ್ ಗವಾಯಿ ಏನ್ರಿ?”

ಅವರು ಹೊರಡುವ ಮುನ್ನಾದಿನ ಮಧ್ಯಾಹ್ನ ಕಚೇರಿ ಏರ್ಪಟ್ಟಿತು. ಶ್ರೋತೃವೃಂದವೆಂದರೆ ನನ್ನ ಜೊತೆ ಬಂದಿದ್ದ ತಬಲಾ ಗೆಳೆಯನೊಬ್ಬನೇ. ಮೊದಲ ಭಾಗ ಹೇಗೋ ದಾಟಿತು. ನಿಧಾನಗತಿಯ ಎರಡನೆಯದನ್ನು ಪಿಟೀಲು ಒಂಟಿಯಾಗಿ ಆರಂಭಿಸಬೇಕು. ತಾಲೀಮಿನಲ್ಲಿ ಬಾಯಿಯವರು ಮೊದಲ ಸ್ವರ ಮುಟ್ಟಿ ನನ್ನನ್ನು ಹೊರಡಿಸುತ್ತಿದ್ದರು. ಅಂದು ಕೈ ಮಡಿಲಲ್ಲಿಟ್ಟು ಕೂತರು. ನಾನು ಕಾದೆ. ಅವರೂ ಕಾದರು. ಈ ಮೌನವೂ ಜರ್ಮನಿಯವನದೇ ರಚನೆ ಎಂದು ತಿಳಿದ ಗೆಳೆಯ ಕಣ್ಣುಮುಚ್ಚಿ ತಲೆದೂಗಿದ: “ವಾಹ್ವಾ!”

“ಏನ್ ವಾಹ್ವಾರಿ? ಇನ್ನಾ ಶುರು ಆಗಿಲ್ಲ,” ಎಂದರು ಬಾಯಿ.

ನಗು ಬಂತು. ಆ ನಗುವಿನಲ್ಲೇ ಕಮಾನು ಎಳೆದೆ. ಒಂದು ಸಾಲು ಒಬ್ಬನೇ ಹೋದೆ. ಆಮೇಲೆ ಪಿಯಾನೊ ಮೆಲ್ಲಗೆ ನನ್ನ ಹಿಂದೆ ಬಂತು. ಇಪ್ಪತ್ತು ವರ್ಷದಲ್ಲಿ ಹಾಗೆ ಯಾರೂ ಬಂದಿರಲಿಲ್ಲ. ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ. ಕೊನೆಯ ಭಾಗದಲ್ಲಿ ಯಾರು ಯಾರ ಹಿಂದಿದ್ದೆವೋ ತಿಳಿಯದು. ಮುಗಿದದ್ದು ಮಾತ್ರ ಒಟ್ಟಿಗೇ.

“ನಿಮ್ಮ ಪಾಲು ಇಷ್ಟು ಚಂದ ಅದ ಅಂತ ಗೊತ್ತ ಇರಲಿಲ್ಲ ನೋಡ್ರಿ,” ಎಂದು ಬಾಯಿಯವರು ಹಾಳೆಗಳನ್ನು ಮೊದಲ ಪುಟಕ್ಕೆ ತಿರುವಿದರು. “ಬಸ್ಸಿಗೆ ಹೊತ್ತಾತೇನ್ರಿ?”

“ಇದರ ಹಿಂದ ಇನ್ನೊಂದು ಬಸ್ ಅದರಿ,” ಎಂದೆ.