ನಲವತ್ತು, ಅರವತ್ತು ಮತ್ತು ನಮ್ಮ ಮೇಡಂ

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳು ಯಾವಾಗಲೂ ಬೆಳ್ಳಗಿರುತ್ತಿತ್ತು. ಬೋರ್ಡಿನ ಮೇಲೆ ಲೆಕ್ಕ ತಪ್ಪಿದರೆ ಅವರು ಡಸ್ಟರ್ ಮುಟ್ಟುತ್ತಿರಲಿಲ್ಲ. ತಪ್ಪಿದ ಅಂಕೆಯೊಂದನ್ನೇ ಹೆಬ್ಬೆರಳಿನಿಂದ ಉಜ್ಜಿ, ಆ ಜಾಗದಲ್ಲೇ ಸರಿಯಾದದ್ದನ್ನು ಬರೆಯುತ್ತಿದ್ದರು. "ಡಸ್ಟರ್ ಎಲ್ಲವನ್ನೂ ಒರೆಸ್ತದೆ. ತಪ್ಪು ಇರುವುದು ಒಂದು ಕಡೆ ಮಾತ್ರ. ಅದು ಎಲ್ಲಿ ಉಂಟು, ಹುಡುಕುವ" ಎನ್ನುತ್ತಿದ್ದರು. ಸಂಜೆ ಬಸ್ಸಿನಲ್ಲಿ ಟಿಕೆಟಿಗೆ ಕೈ ಚಾಚಿದಾಗಲೂ ಆ ಬೆರಳು ಬಿಳಿಯೇ. ಕಂಡಕ್ಟರ್ ಅವರಿಗೆ 'ಚಾಕ್ ಮೇಡಂ' ಎಂದು ಹೆಸರಿಟ್ಟಿದ್ದ, ಅವರ ಕಿವಿಗೆ ಬೀಳದ ಹಾಗೆ.

ಅವರು ಮೂಡುಬಿದಿರೆಯ ಜೈನರ ಮನೆಯವರು. ಬಂಟ್ವಾಳದ ನಮ್ಮ ಕಾಲೇಜಿನಲ್ಲಿ ಬಿ.ಕಾಂ. ತರಗತಿಗಳಿಗೆ ಕಾಸ್ಟ್ ಅಕೌಂಟಿಂಗ್ ಹೇಳಿಕೊಡುತ್ತಿದ್ದರು. ಅವರು ಬರುವ ಬಸ್ಸಿಗೇ ನಾನು ಸಿದ್ಧಕಟ್ಟೆಯಲ್ಲಿ ಹತ್ತುತ್ತಿದ್ದೆ. ಪರೀಕ್ಷೆ ಹತ್ತಿರ ಬಂದಾಗ ಸಂಜೆ ಸ್ಪೆಷಲ್ ಕ್ಲಾಸ್ ಇಡುತ್ತಿದ್ದರು. ಕತ್ತಲಾದ ಮೇಲೆ ಅವರು ಉಣ್ಣುವವರಲ್ಲ. ಆದ್ದರಿಂದ ಬೆಳಕಿರುವಾಗಲೇ ಅರ್ಧ ಲೆಕ್ಕದಲ್ಲಿ ಚಾಕ್ ಕೆಳಗಿಟ್ಟು ಬುತ್ತಿ ಬಿಚ್ಚುತ್ತಿದ್ದರು. "ಲೆಕ್ಕ ಕಾಯ್ತದೆ, ಸೂರ್ಯ ಕಾಯುವುದಿಲ್ಲ" ಎಂದು ನಮಗೂ ಒಂದೊಂದು ತುಂಡು ಸಿಹಿ ದೋಸೆ ಹಂಚುತ್ತಿದ್ದರು. ನಾವು ಸ್ಪೆಷಲ್ ಕ್ಲಾಸ್ ತಪ್ಪಿಸದೆ ಇದ್ದುದಕ್ಕೆ ಆ ದೋಸೆಯೂ ಒಂದು ಕಾರಣ.

ಅವರ ಹಾಜರಿಯ ಕ್ರಮ ಬೇರೆ ಯಾರಿಗೂ ಇರಲಿಲ್ಲ. ಹೆಸರು ಕರೆದರೆ 'ಪ್ರೆಸೆಂಟ್' ಎನ್ನುವ ಹಾಗಿಲ್ಲ. ಒಂದು ಸಂಖ್ಯೆ ಹೇಳಬೇಕು. ನಮಗೆ ಪ್ರತಿ ವಿಷಯಕ್ಕೂ ನೂರು ಅಂಕ. ಅದರಲ್ಲಿ ನಲವತ್ತು ಇಂಟರ್ನಲ್, ಅಂದರೆ ಇಪ್ಪತ್ತು ಟೆಸ್ಟಿಗೆ, ಹತ್ತು ಅಸೈನ್‌ಮೆಂಟಿಗೆ, ಹತ್ತು ಸೆಮಿನಾರಿಗೆ. ಉಳಿದ ಅರವತ್ತು ಕೊನೆಯ ಲಿಖಿತ ಪರೀಕ್ಷೆಗೆ. ನೀನು ಒಟ್ಟು ಎಷ್ಟು ಬೇಕೆಂದು ಹೊರಟಿದ್ದೀ, ಈಗ ಕೈಯಲ್ಲಿ ಎಷ್ಟು ಉಂಟು, ಹಾಗಾದರೆ ಲಿಖಿತದಿಂದ ಎಷ್ಟು ಬರಬೇಕು? ಆ ಕೊನೆಯ ಸಂಖ್ಯೆಯೇ ಹಾಜರಿ. ಹಿಂದಿನ ಬೆಂಚಿನವನೊಬ್ಬ ಇಂಟರ್ನಲ್ಲಿನಲ್ಲಿ ಮೂವತ್ತಾರು ಕೂಡಿಸಿಕೊಂಡು, ನಲವತ್ತಾದರೆ ಪಾಸಲ್ಲವೇ ಎಂಬ ಧೈರ್ಯದಲ್ಲಿ "ನಾಲ್ಕು, ಮೇಡಂ" ಎಂದ. ಮೇಡಂ ತಲೆ ಎತ್ತಲಿಲ್ಲ. "ಇಪ್ಪತ್ತೊಂದು. ಲಿಖಿತದಲ್ಲಿ ಅಷ್ಟು ಬಾರದಿದ್ದರೆ ಉಳಿದದ್ದು ಎಷ್ಟಿದ್ದರೂ ಫೇಲೇ ಮಾರಾಯ" ಎಂದು ಮುಂದಿನ ಹೆಸರು ಕರೆದರು.

ನನ್ನ ಸಂಖ್ಯೆಯ ಹಿಂದೆ ನಮ್ಮ ಮಾವ ನಿಂತಿದ್ದರು. ಅಮ್ಮನ ಅಣ್ಣ. ಮುಂಬಯಿಯಲ್ಲಿ ಹೋಟೆಲು. ನಮ್ಮಲ್ಲಿ ಮಾವ ಹೇಳಿದ್ದಕ್ಕೆ ಅಪೀಲು ಇಲ್ಲ, ಅಪ್ಪನೂ ಪಕ್ಕಕ್ಕೆ ಸರಿಯುತ್ತಾರೆ. ನನಗೆ ಎಂ.ಕಾಂ. ಮಾಡಿ ಪಾಠ ಹೇಳುವ ಆಸೆ. ಮಾವನಿಗೆ ಹೋಟೆಲಿನ ಕ್ಯಾಶಿನಲ್ಲಿ ನಂಬಿಕೆಯ ಜನ ಬೇಕು. "ಎಲ್ಲ ಸಬ್ಜೆಕ್ಟಿನಲ್ಲಿ ಅರವತ್ತು ತೆಗೆ, ಮುಂದೆ ಓದು. ಒಂದರಲ್ಲಿ ಕಡಿಮೆಯಾದರೂ ಬಾಂಬೆಗೆ ಹೊರಡುವ" ಎಂದು ಕೊನೆಯ ವರ್ಷದ ಆರಂಭದಲ್ಲೇ ತೀರ್ಪು ಕೊಟ್ಟಿದ್ದರು. ಉಳಿದ ವಿಷಯಗಳಲ್ಲಿ ನಾನು ಅರವತ್ತು ದಾಟುವವಳೇ. ಕಾಸ್ಟ್ ಅಕೌಂಟಿಂಗ್ ಒಂದೇ ನನ್ನ ಕುತ್ತಿಗೆಯ ಮೇಲೆ ಕೂತಿತ್ತು.

ಅದರಲ್ಲೂ ಸೆಮಿನಾರ್. ಎಲ್ಲರ ಎದುರು ನಿಂತು ಮಾತಾಡುವುದೆಂದರೆ ನನಗೆ ಜ್ವರ ಬರುತ್ತಿತ್ತು, ಸುಳ್ಳಲ್ಲ. ಮನೆಯಲ್ಲಿ ತುಳು, ಪುಸ್ತಕದಲ್ಲಿ ಇಂಗ್ಲಿಷ್, ನಡುವೆ ಕನ್ನಡ. ಮೂರರಲ್ಲಿ ಯಾವುದು ಮೊದಲು ಬಾಯಿಗೆ ಬರುತ್ತದೆಂದು ಗೊತ್ತಾಗದೆ ಯಾವುದೂ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಧೈರ್ಯ ಮಾಡಿ ಹೇಳಿದೆ.

"ಮೇಡಂ, ಸೆಮಿನಾರ್ ನಾನು ಕೊಡುವುದಿಲ್ಲ. ಆ ಹತ್ತು ಹೋದರೆ ಹೋಗಲಿ. ಲಿಖಿತದಲ್ಲಿ ತೆಗೀತೇನೆ."

"ಟೆಸ್ಟಿನಲ್ಲಿ ಎಷ್ಟು ಬಂತು ನಿನಗೆ?"

"ಹದಿನಾಲ್ಕು."

"ಅಸೈನ್‌ಮೆಂಟ್ ಒಂಬತ್ತು ನಾನೇ ಹಾಕಿದ್ದು. ಇಪ್ಪತ್ತಮೂರು ಆಯಿತು. ಅರವತ್ತಕ್ಕೆ ಇನ್ನೆಷ್ಟು ಬೇಕು?"

"ಮೂವತ್ತೇಳು."

"ಅರವತ್ತರ ಪೇಪರಿನಲ್ಲಿ ಮೂವತ್ತೇಳು. ಮೂರು ಗಂಟೆ ಹೊತ್ತು, ಪ್ರಶ್ನೆ ಯಾರು ತೆಗೆದದ್ದೋ, ಪೇಪರ್ ಯಾರು ನೋಡುವುದೋ ಗೊತ್ತಿಲ್ಲ. ಇಲ್ಲಿ ಹತ್ತು ನಿಮಿಷ, ಕೇಳುವವಳು ನಾನು. ಯಾವುದು ಸುಲಭ, ನೀನೇ ಹೇಳು."

ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಬಂಟ್ವಾಳ ಬಂದಾಗ ಅವರು ಇಳಿಯುತ್ತ, "ಗುರುವಾರ ನಿನ್ನದು" ಎಂದರು.

ಗುರುವಾರ ಬಂತು. ಲಾಭವೂ ಇಲ್ಲದ ನಷ್ಟವೂ ಇಲ್ಲದ ಬಿಂದುವನ್ನು ಕಂಡುಹಿಡಿಯುವುದು ಹೇಗೆ, ಇದು ನನ್ನ ವಿಷಯ. ಬೋರ್ಡಿನ ಮೇಲೆ ತಲೆಬರಹ ಬರೆದೆ, ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಯಾರೋ ಕೆಮ್ಮಿದರು, ಯಾರೋ ನಕ್ಕರು. ಕೊನೆಯ ಬೆಂಚಿನಲ್ಲಿ ಕೂತಿದ್ದ ಮೇಡಂ ಮೆಲ್ಲಗೆ, "ತುಳುಟೇ ಪನ್ಲ" ಎಂದರು. ತುಳುವಿನಲ್ಲೇ ಹೇಳು ಎಂದು. ಕಾಲೇಜಿನ ಕೋಣೆಯೊಳಗೆ ಅವರ ಬಾಯಲ್ಲಿ ತುಳು ಕೇಳಿದ್ದು ಅದೇ ಮೊದಲು. ನನ್ನ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಯಿತು. ಮಾವನ ಹೋಟೆಲನ್ನೇ ಹಿಡಿದುಕೊಂಡೆ. ಗಿರಾಕಿ ಬಾರದಿದ್ದರೂ ಬಾಡಿಗೆ ಉಂಟು, ಅಡಿಗೆ ಭಟ್ಟರ ಸಂಬಳ ಉಂಟು. ಗೋಳಿಬಜೆಯ ಹಿಟ್ಟು, ಎಣ್ಣೆ ಮಾತ್ರ ಪ್ಲೇಟು ಹೆಚ್ಚಿದ ಹಾಗೆ ಹೆಚ್ಚುತ್ತದೆ. ಎಷ್ಟನೆಯ ಪ್ಲೇಟಿಗೆ ಖರ್ಚೆಲ್ಲ ಹುಟ್ಟಿ ಮಾವ ಕ್ಯಾಶಿನಲ್ಲಿ ಕೂತು ಮೊದಲ ಸಲ ನಗುತ್ತಾರೆ, ಅದೇ ಆ ಬಿಂದು. ತರಗತಿ ನಕ್ಕಿತು, ಈ ಸಲ ನನ್ನ ಜೊತೆಗೆ. ಮುಗಿಯಿತೆಂದು ಚಾಕ್ ಇಡುವಷ್ಟರಲ್ಲಿ ಮೇಡಂ, "ಒಳ್ಳೇದಾಯಿತು. ಈಗ ಅದನ್ನೇ ಕನ್ನಡದಲ್ಲಿ" ಎಂದರು. ಹೇಳಿದೆ. ಮಾತು ತನ್ನಷ್ಟಕ್ಕೆ ಬಂತು.

ಹತ್ತಕ್ಕೆ ಏಳು ಕೊಟ್ಟರು. ನಾನು ಹತ್ತನ್ನೇ ನಿರೀಕ್ಷಿಸಿದ್ದೆ, ಮನುಷ್ಯರ ಆಸೆಯೇ ಹಾಗೆ.

"ಮೂರು ಎಲ್ಲಿ ಹೋಯಿತು, ಮೇಡಂ?"

"ಹೇಳಿದ್ದು ಸರಿ ಉಂಟು. ಆದರೆ ಮುಕ್ಕಾಲು ಪಾಲು ಬೋರ್ಡಿಗೆ ಹೇಳಿದಿ, ನಮಗೆ ನಿನ್ನ ಜಡೆ ಮಾತ್ರ ಕಂಡದ್ದು."

ಮರುದಿನದಿಂದ ನನ್ನ ಹಾಜರಿ ಮೂವತ್ತು. ಕೈಯಲ್ಲಿ ಮೂವತ್ತು, ಬರಬೇಕಾದದ್ದು ಮೂವತ್ತು. ಅದನ್ನು ಎಷ್ಟು ಜೋರಾಗಿ ಕೂಗುತ್ತಿದ್ದೆನೆಂದರೆ ಪಕ್ಕದ ಕೋಣೆಯ ಲೆಕ್ಚರರು ಒಮ್ಮೆ ಬಂದು ಇಣುಕಿ ಹೋದರು.

ಅಷ್ಟರಲ್ಲಿ ಮಾವ ಊರಿಗೆ ಬಂದರು. ನಲವತ್ತಕ್ಕೆ ಮೂವತ್ತು ಎಂದು ಕೇಳಿ ಕೂತಲ್ಲೇ ಲೆಕ್ಕ ಮಾಡಿದರು: ನೂರಕ್ಕೆ ಎಪ್ಪತ್ತೈದು. "ಅರವತ್ತು ಕೇಳಿದರೆ ಎಪ್ಪತ್ತೈದು ತೆಗೆದಿದ್ದಾಳೆ ನಮ್ಮ ಹುಡುಗಿ" ಎಂದು ಊರೆಲ್ಲ ಹೇಳಿ, ಆ ಖುಷಿಯಲ್ಲೇ ನನಗೂ ಮುಂಬಯಿಗೆ ಟಿಕೆಟ್ ಮಾಡಿಸಿದರು. ಅವರ ಪಾರ್ಟ್ನರನ ಮಗಳ ಮದುವೆ. ವಾಪಸು ಬರುವುದು ಕಾಸ್ಟ್ ಅಕೌಂಟಿಂಗ್ ಪರೀಕ್ಷೆಯ ಹಿಂದಿನ ದಿನ. ಇಲ್ಲ ಎನ್ನಲು ಮನೆಯಲ್ಲಿ ಯಾರಿಗೂ ನಾಲಿಗೆ ಏಳಲಿಲ್ಲ. ನಾನು ಅಳುತ್ತ ಮೇಡಂಗೆ ಫೋನು ಮಾಡಿದೆ. "ನಾಳೆ ಮಾವನನ್ನು ಕರ್ಕೊಂಡು ಬಾ. ನಾನು ಮಾತಾಡ್ತೇನೆ" ಎಂದರು.

ಮಾವ ಕಾಲೇಜಿಗೆ ಬಂದದ್ದು ಸನ್ಮಾನಕ್ಕೆ ಬಂದ ಠೀವಿಯಲ್ಲಿ. "ಡಿಸ್ಟಿಂಕ್ಷನ್ ಬಂದಾಯಿತಲ್ಲ ಮೇಡಂ, ಇನ್ನೆಂತ?"

"ಕೂತುಕೊಳ್ಳಿ ಶೆಟ್ರೇ. ಮೂವತ್ತು ಬಂದದ್ದು ಹೌದು. ಆದರೆ ಅದು ಈಗ ನೂರರಲ್ಲಿ ಮೂವತ್ತು. ನೀವು ಕೇಳಿದ ಅರವತ್ತಕ್ಕೆ ಇನ್ನೂ ಅರ್ಧ ದಾರಿ ಉಂಟು."

"ಹಾಗಾದರೆ ಎಪ್ಪತ್ತೈದು?"

"ಅದು ಅರ್ಧ ಅಡಿಗೆಯ ರುಚಿ ನೋಡಿ ಹೇಳಿದ್ದು. ನಿಮ್ಮ ಹೋಟೆಲಿನಲ್ಲಿ ಪಲ್ಯ, ಸಾಂಬಾರು ಎಷ್ಟು ಒಳ್ಳೇದಿದ್ದರೂ ಅನ್ನ ಬೇಯದಿದ್ದರೆ ಗಿರಾಕಿ ಎಂತ ಮಾಡ್ತಾನೆ?"

"ಎದ್ದು ಹೋಗ್ತಾನೆ."

"ಲಿಖಿತ ಪರೀಕ್ಷೆ ಅನ್ನ. ಅದರಲ್ಲಿ ಇಪ್ಪತ್ತೊಂದು ಬಾರದಿದ್ದರೆ ಇವಳು ಪಾಸೇ ಇಲ್ಲ, ಅರವತ್ತರ ಮಾತು ಬಿಡಿ. ಈ ವಾರ ಇವಳನ್ನು ನನಗೆ ಬಿಡಿ. ಆಮೇಲೆ ಬೇಕಾದರೆ ಬಾಂಬೆಗೆ ಕರ್ಕೊಂಡು ಹೋಗಿ, ನಾನು ಕೇಳುವುದಿಲ್ಲ."

ಮುಂಬಯಿಯ ಲೈಸನ್ಸ್ ಆಫೀಸಿನವರಿಗೂ ಬಗ್ಗದ ನಮ್ಮ ಮಾವ ಆ ಪುಟ್ಟ ಹೆಂಗಸಿನ ಎದುರು ತಲೆ ಕೆರೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಮನೆಗೆ ಬಂದು ಟಿಕೆಟ್ ಕ್ಯಾನ್ಸಲ್ ಮಾಡಿದರು. "ಆ ಮೇಡಂ ನನ್ನ ಕ್ಯಾಶಿನಲ್ಲಿ ಕೂತಿದ್ದರೆ ಇನ್ನೆರಡು ಹೋಟೆಲು ಆಗ್ತಿತ್ತು" ಎಂದು ಅಮ್ಮನ ಹತ್ತಿರ ಹೇಳಿದರಂತೆ.

ಆ ವಾರ ಪೂರ್ತಿ ಮೇಡಂ ನನ್ನನ್ನು ಅರೆದರು. ಪ್ರಶ್ನೆಪತ್ರಿಕೆ ಕಠಿಣವೇ ಇತ್ತು. ಒಂದು ದೊಡ್ಡ ಲೆಕ್ಕ ಕೊನೆಗೂ ತಾಳೆಯಾಗಲಿಲ್ಲ. ಪರೀಕ್ಷೆಯ ಕೋಣೆಯಿಂದ ಹೊರಗೆ ಬಂದಾಗ ನನಗೆ ಯಾವ ಧೈರ್ಯವೂ ಇರಲಿಲ್ಲ.

ಫಲಿತಾಂಶ ಬಂದ ದಿನ ಮೊಬೈಲನ್ನು ಅಮ್ಮನ ಕೈಗೆ ಕೊಟ್ಟೆ, ಅವರೇ ಓದಿದರು. ಇಂಟರ್ನಲ್ ಮೂವತ್ತು, ಲಿಖಿತ ಮೂವತ್ತನಾಲ್ಕು, ಒಟ್ಟು ಅರವತ್ತನಾಲ್ಕು. ನಾನು ಅಂಗಳದಲ್ಲಿ ಕುಣಿದೆ, ಅಮ್ಮನನ್ನೂ ಎಳೆದು ಕುಣಿಸಿದೆ. ಆ ಸೆಮಿನಾರ್ ಬಿಟ್ಟಿದ್ದರೆ ಐವತ್ತೇಳು ಆಗುತ್ತಿತ್ತು, ನಾನು ಕ್ಯಾಶಿನಲ್ಲಿ ಕೂತು ಚಿಲ್ಲರೆ ಎಣಿಸುತ್ತಿದ್ದೆ. ಮಾವ ಫೋನಿನಲ್ಲಿ ಎಲ್ಲ ಕೇಳಿ, "ಎಂ.ಕಾಂ. ಎಲ್ಲಿ ಉಂಟು, ವಿಚಾರಿಸಿ ಇಡು. ಸೇರಿಸಲಿಕ್ಕೆ ನಾನೇ ಬರ್ತೇನೆ" ಎಂದರು. ಬಂದರು ಕೂಡ.

ಈಗ ನಾನು ಬೆಳ್ತಂಗಡಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕೆಲಸ ಸಿಕ್ಕಿದ ವಾರವೇ ಒಂದು ಸೀರೆ ಹಿಡಿದುಕೊಂಡು ಮೂಡುಬಿದಿರೆಗೆ ಹೋದೆ. ಮೇಡಂ ನಿವೃತ್ತರಾಗಿದ್ದರು, ಕೂದಲು ಪೂರ್ತಿ ನರೆತಿತ್ತು. ಕಾಲಿಗೆ ಬಿದ್ದು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಹೇಳಿದೆ.

"ಅವತ್ತು ನೀವು ಆ ಏಳು ಮಾರ್ಕು ಕೊಡದಿದ್ದರೆ ನಾನು ಇವತ್ತು ಇಲ್ಲಿ ಇರ್ತಿರಲಿಲ್ಲ, ಮೇಡಂ. ಆ ಋಣ ಹೇಗೆ ತೀರಿಸುವುದೋ ಗೊತ್ತಿಲ್ಲ."

ಅವರಿಗೆ ಸಿಟ್ಟೇ ಬಂತು. "ಏಳು ನಾನು ಕೊಟ್ಟದ್ದು ಅಂತ ಯಾರು ಹೇಳಿದ್ದು ಮಾರಾಯ್ತಿ? ನೀನು ತೆಗೆದದ್ದು. ನಾನು ಕೊಡುವುದಾಗಿದ್ದರೆ ಹತ್ತು ಕೊಡ್ತಿದ್ದೆ."