ವಫ್ರಾದಲ್ಲಿ ಕರಗದ ಹಿಮ

ದೆವ್ವ, ಪವಾಡ ಎಂದು ಯಾರಾದರೂ ಕಥೆ ಶುರುಮಾಡಿದರೆ ನಾನು ಮೊದಲು ಕೇಳುವ ಪ್ರಶ್ನೆ, ಅಲ್ಲಿಗೆ ಕರೆಂಟು ಎಲ್ಲಿಂದ ಬರುತ್ತಿತ್ತು ಎಂದು. ನನ್ನ ಕಸುಬೇ ಅಂಥದ್ದು. ಕುವೈತಿನ ಶುವೈಖ್‌ನಲ್ಲಿ ಕೋಲ್ಡ್ ಸ್ಟೋರೇಜುಗಳನ್ನು ಕಟ್ಟಿ, ಕೆಟ್ಟರೆ ರಿಪೇರಿ ಮಾಡಿ ಬದುಕಿದವನು ನಾನು. ಇಲ್ಲಿಯ ಆಗಸ್ಟ್ ಬಿಸಿಲಿನಲ್ಲಿ ತಂಪು ಬಿಟ್ಟಿ ಸಿಗುವುದಿಲ್ಲ. ಅದಕ್ಕಾಗಿ ಎಲ್ಲೋ ಒಂದು ಕಂಪ್ರೆಸರ್ ಒದ್ದಾಡುತ್ತಿರಲೇಬೇಕು. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನಗರದ ಸಲ್ವಾ ಬಡಾವಣೆಯಲ್ಲಿ ದೊಡ್ಡ ಮನೆಯಿದ್ದ ಕುವೈತಿ ಹಿರಿಯರೊಬ್ಬರು ನಿವೃತ್ತರಾದ ಮೇಲೆ ದೂರದ ಮರುಭೂಮಿಯಂಚಿನ ವಫ್ರಾದ ತಮ್ಮ ತೋಟಕ್ಕೆ ಹೋಗಿ ನೆಲೆಸಿದರು. ಪ್ರಾಯದಲ್ಲಿ ಯಾವುದೋ ಹಿಮದ ದೇಶದಲ್ಲಿ ಓದಿದವರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ನಿದ್ದೆಯೇ ಬಿಟ್ಟುಹೋಗಿತ್ತಂತೆ. ತೋಟದಲ್ಲೊಂದು ಕೋಲ್ಡ್ ಸ್ಟೋರೇಜ್ ಕಟ್ಟು, ಅದರೊಳಗೆ ಮರದ ಸಣ್ಣ ಮನೆ ಮಾಡು, ಸುತ್ತ ಹಿಮ ಬೀಳಿಸು ಎಂದು ನನ್ನನ್ನು ಕರೆಸಿ ಹೇಳಿದರು. ಇವರಿಗೆ ತಲೆ ಕೆಟ್ಟಿದೆ ಅಂದುಕೊಂಡೇ ಕಟ್ಟಿಕೊಟ್ಟೆ. ಹೊರಗೆ ಟೊಮೆಟೊ, ಸೌತೆ, ಖರ್ಜೂರದ ಮರ. ದಪ್ಪ ಬಾಗಿಲು ತೆರೆದರೆ ಒಳಗೆ ಮೊಣಕಾಲುದ್ದ ಹಿಮ, ನಡುವೆ ಆ ಮನೆ. ಮನೆಕೆಲಸದವರು ಕರೆಯುವಂತೆ ನಾನೂ ಅವರನ್ನು ಬಾಬಾ ಎನ್ನುತ್ತಿದ್ದೆ. ಬಾಬಾ ಅಲ್ಲಿ ಉಣ್ಣೆಯ ಕೋಟು ತೊಟ್ಟು ಮಗುವಿನಂತೆ ನಿದ್ದೆ ಮಾಡುತ್ತಿದ್ದರು. ಆ ಮುಖ ನೋಡಿದ ಮೇಲೆ ತಲೆ ಕೆಟ್ಟಿದೆ ಅನ್ನುವುದನ್ನು ಬಿಟ್ಟೆ.

ಒಂದು ಆಗಸ್ಟಿನಲ್ಲಿ ಕಂಪ್ರೆಸರ್ ಸುಟ್ಟುಹೋಯಿತು. ನಾನೇ ಹೋಗಿ ಕೇಬಲ್ ಕಳಚಿ ಬಂದೆ. ಹೊಸ ಭಾಗ ಹೊರದೇಶದಿಂದ ಬರಬೇಕಿತ್ತು. ಅಷ್ಟರಲ್ಲಿ ಬಾಬಾರ ಮಗ ಶುವೈಖ್‌ನ ನನ್ನ ಅಂಗಡಿಗೆ ಬಂದ. "ತರಿಸಬೇಡ. ಖಲಾಸ್, ಇನ್ನು ರಿಪೇರಿಯಾಗುವುದಿಲ್ಲ ಎಂದುಬಿಡು. ನಾನು ಕರೆದರೆ ಅಪ್ಪ ಬರುವುದಿಲ್ಲ. ಹಿಮ ಕರಗಿದರಾದರೂ ಅಪ್ಪ ಮನೆಗೆ ಬರಲಿ" ಎಂದ. ಅವನ ಕಣ್ಣು ತುಂಬಿತ್ತು, ಅವನನ್ನು ದೂರುವಂತಿರಲಿಲ್ಲ. ಆದರೆ ಆ ಮುದುಕರ ನಿದ್ದೆ ಕಸಿಯುವ ಮಾತು ನನ್ನ ಬಾಯಿಂದ ಬರಬೇಕಿತ್ತು. ಹೇಳಲು ಮನಸ್ಸಾಗದೆ ಒಂದು ವಾರ ತಳ್ಳಿದೆ.

ಕೊನೆಗೂ ಹೋದಾಗ ನಡುಮಧ್ಯಾಹ್ನ. ಒಳಗೆ ಬರೀ ಕೆಸರು, ನೆಂದ ಮರದ ವಾಸನೆ ಇರುತ್ತದೆ ಎಂದುಕೊಂಡು ಬಾಗಿಲು ಎಳೆದೆ. ಮುಖಕ್ಕೆ ಚಳಿ ಹೊಡೆಯಿತು. ಹಿಮ ಇದ್ದಲ್ಲೇ ಇತ್ತು. ಮರದ ಮನೆಯ ಕಿಟಕಿಯಲ್ಲಿ ಇಣುಕಿದರೆ ಬಾಬಾ ಮಲಗಿದ್ದರು.

ನನಗೆ ಬಂದದ್ದು ಹೆದರಿಕೆಯಲ್ಲ, ಸಂಶಯ. ಯಾರೋ ನನಗೆ ಟೋಪಿ ಹಾಕುತ್ತಿದ್ದಾರೆ! ಬೇರೆಯವರನ್ನು ಕರೆಸಿ ಇನ್ನೊಂದು ಮಶೀನು ಕೂರಿಸಿದ್ದಾರೆಯೇ ಎಂದು ಕಟ್ಟಡಕ್ಕೆ ಸುತ್ತು ಹಾಕಿದೆ. ಜನರೇಟರ್ ಇಲ್ಲ. ನಾನು ಕಳಚಿದ ಕೇಬಲ್ ಧೂಳು ಹಿಡಿದು ಹಾಗೇ ಬಿದ್ದಿತ್ತು. ಸುಟ್ಟ ಕಂಪ್ರೆಸರ್ ಬಿಸಿಲಿಗೆ ಕಾದು ಮುಟ್ಟಲಾಗುತ್ತಿರಲಿಲ್ಲ. ಸಂಶಯಪಡಲು ಉಳಿದವನು ಬಾಬಾರ ಅಡುಗೆಯವನು, ಕಾರ್ಕಳ ಕಡೆಯ ಲಾರೆನ್ಸ್. ಅವನ ಮನೆಮಾತು ಕೊಂಕಣಿ, ನನ್ನದು ತುಳು. ಇಬ್ಬರೂ ಮಾತಾಡುತ್ತಿದ್ದದ್ದು ಮಂಗಳೂರು ಕಡೆಯ ಕನ್ನಡದಲ್ಲಿ.

"ನಿಜ ಹೇಳು ಮಾರಾಯ, ಫಹಾಹೀಲ್ ಮೀನು ಮಾರ್ಕೆಟಿನಿಂದ ಐಸ್ ತಂದು ಹಾಕುದಲ್ವಾ ನೀನು?"

"ಎಂತ ಮಾರಾಯ್ರೆ ನೀವು! ಅಷ್ಟು ಐಸಿಗೆ ಲಾರಿ ಬೇಕು. ನನ್ನ ಹತ್ರ ಸೈಕಲ್ ಸಹ ಇಲ್ಲ."

"ಮತ್ತೆ ಇದು ಹೇಗೆ ಉಳಿದದ್ದು?"

"ಸುರುವಿಗೆ ಕರಗ್ಲಿಕ್ಕೆ ಹೊರಟಿತ್ತು. ಬಾಬಾ ಒಳಗೆ ಹೋಗಿ ಮಲಗಿದ್ರು, ನಿಂತಿತು. ನನಗೆ ಹೆದ್ರಿಕೆ ಆಗಿ ಯಾರಿಗೂ ಹೇಳ್ಲಿಲ್ಲ."

ನಾನು ನಂಬಲಿಲ್ಲ. ಒಂದು ಹಿಡಿ ಹಿಮ ತೆಗೆದು ಮೂಸಿದೆ. ಮೀನಿನ ಐಸಾದರೆ ಕಡಲ ಬದಿಯಲ್ಲಿ ಹುಟ್ಟಿದ ನನ್ನ ಮೂಗಿಗೆ ತಿಳಿಯದೆ ಇರುತ್ತದೆಯೇ? ಯಾವ ವಾಸನೆಯೂ ಇರಲಿಲ್ಲ.

ಅಷ್ಟರಲ್ಲಿ ಬಾಬಾ ಎದ್ದು ಹೊರಬಂದರು. ಹೇಳಲೇಬೇಕಿತ್ತು, ಹೇಳಿದೆ: ಬಾಬಾ, ಮಶೀನು ಖಲಾಸ್. ಅವರು "ಮಗ ಹೇಳಿಸಿದನೇ?" ಎಂದರು. ನಾನು ತಲೆ ತಗ್ಗಿಸಿದೆ. ಬೈಯುತ್ತಾರೆ ಎಂದುಕೊಂಡರೆ ನಕ್ಕರು. "ಅವನಿಗೂ ನಿದ್ದೆಯಿಲ್ಲ, ಪಾಪ. ಯಲ್ಲಾ, ನಡಿ, ಸಲ್ವಾಕ್ಕೆ ಬಿಡು" ಎಂದು ಕೋಟನ್ನು ಅಲ್ಲೇ ಕಳಚಿಟ್ಟು ನನ್ನ ಪಿಕಪ್ಪಿನಲ್ಲಿ ಬಂದು ಕೂತರು.

ತೋಟದ ಗೇಟು ದಾಟಿ ಸ್ವಲ್ಪ ದೂರ ಹೋಗಿರಬೇಕು, ಲಾರೆನ್ಸ್ ಫೋನು ಮಾಡಿದ. "ಅಣ್ಣ, ಬಾಗಿಲಿನ ಅಡಿಯಿಂದ ನೀರು ಬರ್ತಾ ಉಂಟು! ಟೊಮೆಟೊ ಗಿಡದವರೆಗೆ ಬಂತು!" ನಾನು ಫೋನು ಇಟ್ಟೆ. ಪಕ್ಕದಲ್ಲಿ ಬಾಬಾ ಆಗಲೇ ಕಿಟಕಿಗೆ ತಲೆಯಾನಿಸಿ ಗಾಢ ನಿದ್ದೆಯಲ್ಲಿದ್ದರು.

ಫಹಾಹೀಲ್ ಹತ್ತಿರ, ಕಡಲ ಗಾಳಿ ಬೀಸುವ ಕಡೆ, ಮುಂದಿನ ಗಾಜು ಮಂಜಾಯಿತು. ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಮಂಜು ಗಾಜಿನ ಹೊರಮೈಗೆ ಕೂತಿತ್ತು. ಅದರ ಅರ್ಥ ಏನೆಂದು ನನ್ನಂಥವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ: ಹೊರಗಿಗಿಂತ ಒಳಗೆ ಬಹಳ ತಂಪಿದೆ. ಆಗಲೇ ಗಮನಿಸಿದ್ದು, ನನ್ನ ತೋಳಿನ ರೋಮ ನಿಮಿರಿತ್ತು. ವೈಪರ್ ಹಾಕಿದೆ. ಸಲ್ವಾ ಮುಟ್ಟುವವರೆಗೂ ಪಕ್ಕಕ್ಕೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಊರವರ ಎಸಿಯನ್ನೆಲ್ಲ ರಿಪೇರಿ ಮಾಡುವ ನನ್ನ ಗಾಡಿಯ ಎಸಿ ಬೇಸಿಗೆಯ ಮೊದಲೇ ಕೆಟ್ಟಿತ್ತು. ಅದರ ಕಂಪ್ರೆಸರನ್ನು ನಾನೇ ಬಿಚ್ಚಿ ಅಂಗಡಿಯಲ್ಲಿಟ್ಟಿದ್ದೆ.

ಹೊರಡುವಾಗ ನಾನು ಫೋನು ಮಾಡಿದ್ದರಿಂದ ಮನೆಯ ಗೇಟಿನಲ್ಲಿ ಮಗ ಕಾದು ನಿಂತಿದ್ದ. ಓಡಿ ಬಂದು ಗಾಡಿಯ ಬಾಗಿಲು ತೆರೆದು, ನಿದ್ದೆಗಣ್ಣಿನ ತಂದೆಯನ್ನು ಅಪ್ಪಿಕೊಂಡವನು ಬೆಚ್ಚಿಬಿದ್ದ. ತಂದೆಯ ಕೈಗಳನ್ನು ತನ್ನ ಕೈಯಲ್ಲಿ ಹಿಡಿದು ತಿಕ್ಕುತ್ತಾ ನನ್ನ ಕಡೆ ತಿರುಗಿ ಗದರಿದ: "ವಯಸ್ಸಾದವರನ್ನು ಕೂರಿಸಿಕೊಂಡು ಎಸಿ ಇಷ್ಟು ಜೋರು ಇಡುವುದೇ?"

"ಸಾರಿ" ಎಂದೆ. ಇವತ್ತಿಗೂ ನನ್ನ ಹತ್ತಿರ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ.