ಮೂವತ್ತು ಸಾವಿರದ ಮೂವತ್ತೊಂದು

ಕಾರ್ಬೈಡ್ ಇಟ್ಟು ಮಾಗಿಸಿದ ಮಾವಿನಬುಟ್ಟಿಯ ಮುಂದೆ ಹಾದುಹೋದರೆ ಬೇರೆಯವರಿಗೆ ಹಣ್ಣು ನೆನಪಾಗುತ್ತದೆ, ನನಗೆ ಕಾರ್ಬೈಡಿನಿಂದಲೇ ಉರಿಯುತ್ತಿದ್ದ ಅಪ್ಪನ ಗಣಿದೀಪ. ಐವತ್ತರ ದಶಕದ ಕೊನೆಯಲ್ಲಿ ಅಪ್ಪ ನಂದಿದುರ್ಗ ಎಂಬ ಚಿನ್ನದ ಗಣಿಗೆ ಇಳಿಯುತ್ತಿದ್ದ. ಅವನ ಅಂಗಿ, ತಲೆಗೂದಲು, ಗಣಿಯವರು ಸಾಲಾಗಿ ಕಟ್ಟಿಕೊಟ್ಟಿದ್ದ ನಮ್ಮ ಲೈನ್ ಮನೆಯ ತಟ್ಟಿಗೋಡೆ, ಎಲ್ಲಕ್ಕೂ ಆ ಬೆಳ್ಳುಳ್ಳಿಯಂಥ ಘಾಟು ಹಿಡಿದಿತ್ತು. ಇಳಿಯುವ ಮುನ್ನ ಪ್ರತಿಯೊಬ್ಬರೂ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ದೀಪದ ಕೋಣೆಯ ಹಲಗೆಗೆ ತೂಗುಹಾಕಿ, ಮೇಲೆ ಬಂದಾಗ ತೆಗೆದುಕೊಳ್ಳಬೇಕಿತ್ತು. ಬಿಲ್ಲೆ ಹಲಗೆಯಲ್ಲಿದ್ದರೆ ಆಳು ಒಳಗಿದ್ದಾನೆ ಎಂದರ್ಥ. ಅಪ್ಪನದು 30031.

ಅಪ್ಪ ಯಾವ ಪಾಳಿಗೆ ಹೋದ, ಎಷ್ಟು ಗಂಟೆಗೆ ಬಂದ ಎಂದು ದಿನವೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಶಾಲೆಯಲ್ಲಿ ಅವಿಭಾಜ್ಯ ಸಂಖ್ಯೆ ಕಲಿಸಿದ ದಿನ ಆ ನಂಬರನ್ನೇ ಭಾಗಿಸಲು ಕೂತೆ. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಯಾವುದರಿಂದ ಭಾಗಿಸಿದರೂ ಕೊನೆಗೆ ಒಂದು ಉಳಿಯಿತು. ಆರು ಸಲವೂ ಅದೇ ಒಂದು. ಇನ್ನು ನೋಡುವುದೇನಿದೆ ಎಂದು ನಿಲ್ಲಿಸಿ, ಇದು ಒಡೆಯದ ನಂಬರು ಎಂದು ಸಾರಿದೆ. ಇನ್ನು ಗಣಿ ತನ್ನನ್ನೇನೂ ಮಾಡದು ಎಂದು ಅಪ್ಪ ಅದನ್ನು ಲೈನಿಗೆಲ್ಲ ಹೇಳಿಕೊಂಡು ಬಂದ. ಪಕ್ಕದ ಮನೆಯ ಸೆಲ್ವಮಾಮ, "ನಂದು ಎರಡ್ಕೇ ಒಡೀತದೆ ಅಣ್ಣೇ, ನಾನೇನ್ ಸತ್ತೋದ್ನಾ?" ಎಂದು ಛೇಡಿಸುತ್ತಿದ್ದ.

ಒಂದು ಮಂಗಳವಾರ ಮಧ್ಯಾಹ್ನ ನೆಲ ಗುಡುಗಿ, ಗೂಡಿನ ಪಾತ್ರೆಗಳೆಲ್ಲ ಉರುಳಿದವು. ಕೆಳಗೆ ಬಂಡೆ ಸಿಡಿದಿತ್ತು. ಲೈನಿನ ಹೆಂಗಸರೆಲ್ಲ ದೀಪದ ಕೋಣೆಯ ಬೇಲಿಗೆ ಅಂಟಿಕೊಂಡು ನಿಂತೆವು. ಮೇಲೆ ಬಂದವರು ಒಬ್ಬೊಬ್ಬರಾಗಿ ಬಿಲ್ಲೆ ತೆಗೆದುಕೊಂಡರು, ಸೆಲ್ವಮಾಮನೂ ಬಂದ. ಸಂಜೆಗೆ ಏಳು ಬಿಲ್ಲೆ ಉಳಿದವು, ಅಪ್ಪನದೂ ಅದರಲ್ಲೊಂದು. ಅಮ್ಮ ನನ್ನ ಕೈಯಲ್ಲಿದ್ದ ನೋಟ್‌ಬುಕ್ ನೋಡಿ, "ಇನ್ನೊಂದ್ ಕಿತ ನೋಡಮ್ಮಿ, ಒಡೀತದಾ?" ಎಂದಳು. ಬಿಟ್ಟಲ್ಲಿಂದ ಶುರುಮಾಡಿದೆ. ಹದಿನೇಳಕ್ಕೆ ಒಂಬತ್ತು ಉಳಿಯಿತು, ಹತ್ತೊಂಬತ್ತಕ್ಕೆ ಹನ್ನೊಂದು. ಐವತ್ತಮೂರರವರೆಗೂ ಏನಾದರೊಂದು ಉಳಿಯುತ್ತಲೇ ಬಂತು. ಐವತ್ತೊಂಬತ್ತರಿಂದ ಭಾಗಿಸಿದಾಗ ಐನೂರ ಒಂಬತ್ತು ಬಂತು, ಕೆಳಗೆ ಏನೂ ಉಳಿಯಲಿಲ್ಲ. ಮೂರು ಸಲ ಮಾಡಿ ನೋಡಿದೆ. ಆಮೇಲೆ ಪುಟ ಮುಚ್ಚಿ, "ಒಡೀಲಿಲ್ಲಮ್ಮ" ಎಂದೆ.

ಬುಧವಾರ ಬೆಳಗ್ಗೆ ಅಪ್ಪನನ್ನು ಮೇಲೆ ತಂದರು. ಬಿದ್ದ ತೊಲೆಯ ಸಂದಿಯಲ್ಲಿ ಕಾಲು ಚಾಚಲೂ ಆಗದೆ ಕೂತೇ ಇದ್ದನಂತೆ. ಉಳಿದ ಆರು ಬಿಲ್ಲೆಗಳಲ್ಲಿ ನಾಲ್ಕನ್ನು ತೆಗೆದುಕೊಳ್ಳಲು ಯಾರೂ ಬರಲಿಲ್ಲ.

ಭಾನುವಾರ ಅಪ್ಪ ಬೂಟಿಗೆ ಮೆತ್ತಿದ್ದ ಮಣ್ಣು ಕೆರೆಯುತ್ತ ಕೂತಿದ್ದ. ಹೆದರಿಯಾದರೂ ಇಳಿಯುವುದನ್ನು ಬಿಟ್ಟಾನು, ಬೂದಿಕೋಟೆ ಕಡೆಯ ನಮ್ಮ ಹಳ್ಳಿಗೆ ಹೋಗಿಬಿಡೋಣ ಎಂಬ ಆಸೆಯಿಂದ ಆ ಪುಟ ತೆರೆದು ಮುಂದಿಟ್ಟೆ. ನಾನು ಹೇಳಿದ್ದು ತಪ್ಪು, ನಿನ್ನ ನಂಬರು ಒಡೆಯುತ್ತದೆ ಎಂದೆ. ಅಪ್ಪ ಬೆರಳಿಟ್ಟು ಸಾಲುಸಾಲಾಗಿ ಐವತ್ತೊಂಬತ್ತರವರೆಗೆ ಬಂದ.

"ಒಳ್ಗಡೆ ಕೂತಾಗ್ಲೇ ಗೊತ್ತಾಯ್ತು ಕಣಮ್ಮಿ," ಎಂದ. "ಈ ಮಾತು ನಿಮ್ಮಮ್ಮನ್ಗೆ ಏಳ್ಬ್ಯಾಡ."

ಕೆಲಸ ಬಿಟ್ಟರೆ ಲೈನ್ ಮನೆಯನ್ನೂ ಬಿಡಬೇಕು, ಹಳ್ಳಿಯಲ್ಲಿ ನಮಗೆ ಒಂದು ಹಿತ್ತಲೂ ಇಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಈಗ ಆ ಲೈನೂ ಇಲ್ಲ, ಅಪ್ಪ ಅಮ್ಮ ಇಬ್ಬರೂ ಇಲ್ಲ. ಮರುದಿನ, ಸೋಮವಾರ, ಪಾಳಿಯ ಸೈರನ್ ಕೂಗುವ ಮೊದಲೇ ಅಪ್ಪ ಹೊರಟ. ನಾನು ಬಾಗಿಲಲ್ಲಿ ನಿಂತೆ. ಬುತ್ತಿ ಹಿಡಿದ ನೂರಾರು ಜನ ಗಣಿಗೆ ಇಳಿಯುವ ಶಾಫ್ಟಿನ ಕಡೆಗೆ ನಡೆಯುತ್ತಿದ್ದರು. ಬೆನ್ನು ನೋಡಿ ಅವರಲ್ಲಿ ಅಪ್ಪ ಯಾರೆಂದು ಗುರುತಿಸಲು ನನ್ನಿಂದಾಗಲಿಲ್ಲ.